ದಾಖಲೆಯ ಡಿಸ್ಕನ್ನು ತಾಳೆ ನೋಡುವ ಕ್ರಮ: ಗ್ರಾಮ ಪಂಚಾಯತಿ ಸದಸ್ಯರಿಗೊಂದು ಪಾಠ



ಪಂಚಾಯತಿಯ ದಾಖಲೆಗಳೆಲ್ಲ ಈಗ ಆನ್‌ಲೈನ್ ಆಗಿವೆ, ಅವು ಬೆಂಗಳೂರಿನ ಸರ್ವರ್‌ನಲ್ಲಿ ಭದ್ರವಾಗಿವೆ ಎಂಬ ಮಾತು ನಮ್ಮ ಸಾಮಾನ್ಯ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಅರ್ಧ ನಿಜ. ಪಂಚತಂತ್ರ, ಇ-ಸ್ವತ್ತು, ಗಾಂಧಿ ಸಾಕ್ಷಿ ಕಾಯಕ ಮುಂತಾದ ತಂತ್ರಾಂಶಗಳಲ್ಲಿ ನಮೂದಾದ ಮಾಹಿತಿ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಅದನ್ನು ಕಾಯುವವರು ಬೇರೆ ಇದ್ದಾರೆ. ಆದರೆ ಆ ನಮೂದುಗಳಿಗೆ ಆಧಾರವಾದ ಹಳೆಯ ಮನೆಪಟ್ಟಿ ವಹಿಗಳ ಸ್ಕ್ಯಾನ್ ಪ್ರತಿ, ಠರಾವು ಪುಸ್ತಕಗಳ ಚಿತ್ರ, ಗ್ರಾಮ ಸಭೆಯ ವಿಡಿಯೊ, ಕಾಮಗಾರಿಯ ಮೊದಲಿನ ಮತ್ತು ನಂತರದ ಛಾಯಾಚಿತ್ರ, ನೀರಿನ ಕರದ ಕರಡು ಪಟ್ಟಿ ಇವೆಲ್ಲ ಇರುವುದು ಕಚೇರಿಯ ಮೇಜಿನ ಕೆಳಗಿನ ಪೆಟ್ಟಿಗೆಯೊಳಗೆ, ಅಂಗೈಯಗಲದ ಒಂದು ಡಿಸ್ಕಿನಲ್ಲಿ. ಆ ಡಿಸ್ಕು ಬರೆದದ್ದನ್ನೇ ಓದಿ ಹೇಳುತ್ತಿದೆಯೇ ಎಂದು ಪರೀಕ್ಷಿಸುವ ಹೊಣೆ ಮಾತ್ರ ಸಂಪೂರ್ಣವಾಗಿ ನಮ್ಮದು.

ಈ ಪಾಠವು ಆ ಪರೀಕ್ಷೆಯ ಬಗ್ಗೆ. ಸದಸ್ಯರು ತಾವೇ ಕಂಪ್ಯೂಟರಿನ ಮುಂದೆ ಕುಳಿತು ಆಜ್ಞೆಗಳನ್ನು ಟೈಪ್ ಮಾಡಬೇಕೆಂಬುದು ನನ್ನ ಅಪೇಕ್ಷೆಯಲ್ಲ. ಪಂಚಾಯತಿಯ ಡಾಟಾ ಎಂಟ್ರಿ ಆಪರೇಟರ್ ಯಾವ ಆಜ್ಞೆಯನ್ನು ಏಕೆ ಕೊಡುತ್ತಾರೆ, ಯಾವುದನ್ನು ಕೊಡಬಾರದು ಎಂಬುದು ತಿಳಿದಿದ್ದರೆ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಬಹುದು. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿಗೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ. ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಕರಾವಳಿಯ ಪಂಚಾಯತಿಯೊಂದಕ್ಕೆ ವಯಸ್ಸಾದ ಮಹಿಳೆಯೊಬ್ಬರು ಇ-ಸ್ವತ್ತು ಅರ್ಜಿಗೆ ಬೇಕಾದ ಹಳೆಯ ತೆರಿಗೆ ನಮೂದಿನ ನಕಲು ಕೇಳಿಕೊಂಡು ಬಂದರು. ‘ತಮಾ, ನಮ್ಮ ಮಾವನ ಕಾಲದಿಂದ ಮನೆಪಟ್ಟಿ ತುಂಬಿದ್ದೇವೆ, ವಹಿಯಲ್ಲಿ ಹೆಸರು ಇದ್ದೇ ಇದೆ’ ಎಂದರು. ವಹಿ ಒರಲೆ ತಿಂದು ಹೋಗಿತ್ತು. ಹೋಗುವ ಮೊದಲು ಅದರ ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿಡಲಾಗಿತ್ತು, ಆದ್ದರಿಂದ ನಾವು ನಿಶ್ಚಿಂತರಾಗಿದ್ದೆವು. ಫೈಲು ತೆರೆಯಿತು. ಪುಟದ ಮೇಲಿನ ಕಾಲು ಭಾಗ ಸ್ಪಷ್ಟವಾಗಿತ್ತು. ಅದರ ಕೆಳಗೆ ಒಂದೇ ಬೂದು ಬಣ್ಣ. ಅವರ ಮಾವನ ಹೆಸರು ಇರಬೇಕಾದ ಸಾಲು ಆ ಬೂದಿಯೊಳಗಿತ್ತು.

ಬ್ಯಾಕಪ್ ಪೆನ್ ಡ್ರೈವ್ ತೆರೆದೆವು. ಅದರಲ್ಲಿಯೂ ಅದೇ ಪುಟ, ಅದೇ ಗೆರೆಯಿಂದ ಕೆಳಗೆ ಬೂದು. ಪ್ರತಿ ತಿಂಗಳೂ ತಪ್ಪದೆ ಬ್ಯಾಕಪ್ ಆಗುತ್ತಿತ್ತು. ಹಾಳಾದ ಫೈಲು ಒಂದು ತಿಂಗಳು ಒಳ್ಳೆಯ ಫೈಲಿನ ಮೇಲೆ ಬರೆಯಲ್ಪಟ್ಟು, ಆಮೇಲೆ ನಾವು ಹಾಳಾದುದನ್ನೇ ಶ್ರದ್ಧೆಯಿಂದ ಕಾಪಾಡುತ್ತ ಬಂದಿದ್ದೆವು. ಯಾವ ತಿಂಗಳು ಎಂದು ಕಂಡುಹಿಡಿಯುವ ದಾರಿ ಇರಲಿಲ್ಲ. ಕಂಪ್ಯೂಟರು ಒಂದು ದಿನವೂ ದೂರು ಹೇಳಿರಲಿಲ್ಲ.

ಡಿಸ್ಕಿನ ಖಾನೆಗಳು

ಡಿಸ್ಕು ಫೈಲುಗಳನ್ನು ಅರಿಯದು. ಅದಕ್ಕೆ ಗೊತ್ತಿರುವುದು ಸಮಾನ ಗಾತ್ರದ ಖಾನೆಗಳು ಮಾತ್ರ. ಇವುಗಳನ್ನು ಬ್ಲಾಕ್ ಅಥವಾ ಸೆಕ್ಟರ್ ಎನ್ನುತ್ತಾರೆ. ಬಹುಕಾಲದಿಂದ ಬಂದ ಅಳತೆಯಲ್ಲಿ ಒಂದು ಸೆಕ್ಟರಿನಲ್ಲಿ 512 ಬೈಟ್ ಹಿಡಿಯುತ್ತದೆ. ಈಚಿನ ಡಿಸ್ಕುಗಳಲ್ಲಿ ಒಳಗಿನ ಖಾನೆ 4096 ಬೈಟಿನದು. 1 ಟಿಬಿ ಡಿಸ್ಕಿನಲ್ಲಿ 512 ಬೈಟಿನ ಲೆಕ್ಕಕ್ಕೆ ಸುಮಾರು 195 ಕೋಟಿ ಖಾನೆಗಳಿವೆ. ಸ್ಕ್ಯಾನ್ ಮಾಡಿದ ವಹಿಯ ಒಂದು ಪುಟ 1 ಎಂಬಿ ಇದ್ದರೆ ಅದು ಸುಮಾರು ಎರಡು ಸಾವಿರ ಖಾನೆಗಳಲ್ಲಿ ಹರಡಿಕೊಳ್ಳುತ್ತದೆ. ಆ ಎರಡು ಸಾವಿರದಲ್ಲಿ ಒಂದೇ ಒಂದು ಖಾನೆ ಕೆಟ್ಟರೂ ಜೆಪೆಗ್ ಚಿತ್ರದ ಅಲ್ಲಿಂದ ಮುಂದಿನ ಭಾಗ ಬೂದಾಗಬಹುದು, ಇಲ್ಲವೆ ಕಲಸಿಹೋಗಬಹುದು. ನಮ್ಮ ಪುಟಕ್ಕೆ ಆದದ್ದು ಇದೇ.

ಡಿಸ್ಕು ತಯಾರಿಸುವವರಿಗೆ ಇದು ತಿಳಿಯದ ಸಂಗತಿಯಲ್ಲ. ಪ್ರತಿ ಸೆಕ್ಟರಿನ ಜೊತೆ ದೋಷ ತಿದ್ದುವ ಕೆಲವು ಹೆಚ್ಚುವರಿ ಬಿಟ್ಟುಗಳನ್ನು ಡಿಸ್ಕು ತಾನೇ ಬರೆದುಕೊಂಡಿರುತ್ತದೆ. ಸಣ್ಣ ದೋಷವನ್ನು ಅದು ಯಾರಿಗೂ ಹೇಳದೆ ತಿದ್ದಿಕೊಳ್ಳುತ್ತದೆ. ತಿದ್ದಲಾಗದಿದ್ದರೆ ಓದಲಾಗಲಿಲ್ಲ ಎಂದು ವರದಿ ಮಾಡುತ್ತದೆ. ಇದು ಪ್ರಾಮಾಣಿಕ ವೈಫಲ್ಯ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬರೆಯುವ ಹೊತ್ತಿಗೆ ವಿದ್ಯುತ್ ಹೋಗಿ ಅರ್ಧ ಮಾತ್ರ ಬರೆದಿರಬಹುದು, ಡಿಸ್ಕಿನ ಒಳ ತಂತ್ರಾಂಶದ ದೋಷದಿಂದ ಒಂದು ಖಾನೆಯದು ಇನ್ನೊಂದು ಖಾನೆಗೆ ಬಿದ್ದಿರಬಹುದು, ಕಂಪ್ಯೂಟರಿನ ಸ್ಮರಣೆಯಲ್ಲೇ ಒಂದು ಬಿಟ್ಟು ತಿರುಗಿ ಆಮೇಲೆ ಡಿಸ್ಕಿಗೆ ಹೋಗಿರಬಹುದು. ಆಗ ಡಿಸ್ಕು ತಪ್ಪನ್ನು ಸರಿಯೆಂದೇ ನಂಬಿ ಓದಿ ಕೊಡುತ್ತದೆ. ಇದನ್ನು ಮೌನ ದೋಷವೆಂದು ಕರೆಯುತ್ತಾರೆ.

ಇದು ಅಪರೂಪ, ಆದರೆ ಕಲ್ಪನೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ನೆಟ್‌ಆ್ಯಪ್ ಸಂಸ್ಥೆಯವರು ಮತ್ತಿತರರೊಂದಿಗೆ 2008ರಲ್ಲಿ ಪ್ರಕಟಿಸಿದ ಅಧ್ಯಯನವು 15 ಲಕ್ಷ 30 ಸಾವಿರ ಡಿಸ್ಕುಗಳನ್ನು 41 ತಿಂಗಳ ಕಾಲ ಗಮನಿಸಿ, ತಾಳೆ ತಪ್ಪಿದ 4 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ದಾಖಲಿಸಿತು. ಅವು ಹವಾನಿಯಂತ್ರಿತ ಕೊಠಡಿಗಳಿಗಾಗಿಯೇ ಮಾಡಿದ ಸಂಗ್ರಹ ವ್ಯವಸ್ಥೆಗಳು. ನಮ್ಮ ಡಿಸ್ಕುಗಳೋ, ಭಟ್ಕಳದಿಂದ ಕುಮಟಾದವರೆಗಿನ ಉಪ್ಪುಗಾಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೊಠಡಿಗಳಲ್ಲಿ, ಗುಡುಗಿಗೊಮ್ಮೆ ಹೋಗಿ ಬರುವ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತವೆ. 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ನದಿಗಳು ಉಕ್ಕಿ ದಡದ ಊರುಗಳಿಗೆ ನುಗ್ಗಿದ್ದನ್ನೂ, 2022ರ ಆಗಸ್ಟ್ ಆರಂಭದ ಮಳೆಗೆ ಭಟ್ಕಳ ಪೇಟೆಯ ಅಂಗಡಿಗಳಲ್ಲಿ ನೀರು ನಿಂತದ್ದನ್ನೂ ಸದಸ್ಯರು ಮರೆತಿರಲಾರರು. ಡಿಸ್ಕು ನೀರಿನಲ್ಲಿ ಮುಳುಗಿದರೆ ಎಲ್ಲರಿಗೂ ಕಾಣುತ್ತದೆ. ನಾನು ಹೇಳುತ್ತಿರುವುದು ಕಾಣದ ಹಾನಿಯ ಬಗ್ಗೆ.

ತಾಳೆ ನೋಡುವುದೆಂದರೆ

ಕರ ವಸೂಲಿಗಾರರು ನಾಲ್ಕು ಮನೆಗಳಿಂದ ಕ್ರಮವಾಗಿ 310, 245, 180 ಮತ್ತು 265 ರೂಪಾಯಿ ತಂದರೆಂದು ಇಟ್ಟುಕೊಳ್ಳಿ. ಪುಟದ ಅಡಿಯಲ್ಲಿ ಮೊತ್ತ 1000 ಎಂದು ಬರೆದಿದೆ. ಎರಡನೆಯ ಸಾಲಿನ ಮೇಲೆ ಶಾಯಿ ಚೆಲ್ಲಿ ಅಂಕಿ ಕಾಣದಾಯಿತು. ಉಳಿದ ಮೂರನ್ನು ಕೂಡಿಸಿ 1000ದಿಂದ ಕಳೆದರೆ 245 ಮರಳಿ ಸಿಗುತ್ತದೆ. ಎರಡು ಸಾಲು ಹೋದರೆ ಸಿಗುವುದಿಲ್ಲ. ಹಲವು ಡಿಸ್ಕುಗಳನ್ನು ಜೋಡಿಸಿ ಒಂದು ಡಿಸ್ಕು ಸತ್ತರೂ ಮಾಹಿತಿ ಉಳಿಸುವ ರೇಡ್ ಎಂಬ ವ್ಯವಸ್ಥೆಯ ಒಂದು ಬಗೆ ಈ ತತ್ವದ ಮೇಲೆಯೇ ನಿಂತಿದೆ.

ಈಗ ಶಾಯಿ ಚೆಲ್ಲಿಲ್ಲ, ಆದರೆ 245 ಎಂಬುದು ನಕಲು ಮಾಡುವಾಗ 254 ಆಯಿತು. ಕೂಡಿಸಿದರೆ 1009 ಬರುತ್ತದೆ. ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 245 ಹೋಗಿ 254 ಆಗುವುದರ ಜೊತೆಗೆ 310 ಹೋಗಿ 301 ಆದರೆ? ಮೊತ್ತ ಮತ್ತೆ 1000. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡವು, ತಾಳೆ ನೋಡಿದವರು ಸರಿ ಇದೆ ಎಂದು ಸಹಿ ಹಾಕಿದರು. ಬೇಡಿಕೆ, ವಸೂಲಿ, ಬಾಕಿ ತಃಖ್ತೆಯನ್ನು ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ ನೋಡಿದ ಸದಸ್ಯರಿಗೆ ಈ ಅಪಾಯದ ಪರಿಚಯ ಇರುತ್ತದೆ.

ಆದ್ದರಿಂದ ಕಂಪ್ಯೂಟರಿನಲ್ಲಿ ಬರೀ ಕೂಡಿಕೆಯ ಮೊತ್ತವನ್ನು ನಂಬುವುದಿಲ್ಲ. ಅಂಕಿಯ ಸ್ಥಾನವೂ ಲೆಕ್ಕಕ್ಕೆ ಬರುವಂಥ ಬೇರೆ ಗಣಿತಗಳಿವೆ. ಸಿಆರ್‌ಸಿ ಎಂಬುದು ಚಿಕ್ಕದು, ವೇಗದ್ದು. ಆಕಸ್ಮಿಕ ದೋಷ ಹಿಡಿಯಲು ಸಾಕು. ಶಾ-256 ಎಂಬುದು ಫೈಲು ಎಷ್ಟೇ ದೊಡ್ಡದಿದ್ದರೂ 64 ಅಕ್ಷರ-ಅಂಕಿಗಳ ಒಂದು ಗುರುತನ್ನು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಟ್ಟು ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಇವೆಲ್ಲವನ್ನೂ ಈ ಪಾಠದಲ್ಲಿ ತಾಳೆಮೊತ್ತ ಎಂದೇ ಕರೆಯುತ್ತೇನೆ.

ಇಲ್ಲಿಯೇ ಒಂದು ಮಾತು. ತಾಳೆಮೊತ್ತವು ಫೈಲು ಬರೆದಂತೆಯೇ ಇದೆಯೇ ಎಂದು ಹೇಳುತ್ತದೆಯೇ ಹೊರತು ಬರೆದದ್ದು ಸರಿಯೇ ಎಂದು ಹೇಳುವುದಿಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ, ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ವಿಸ್ತೀರ್ಣದ ಮೂರು ಕೋಣೆಗಳೂ 14.13 ಚದರ ಮೀಟರ್ ಎಂದು ಮೂಡಿದ್ದನ್ನು ಬಯಲಿಗೆ ತಂದರು. ಜಾಗ ಉಳಿಸಲೆಂದು ಯಂತ್ರವು ಒಂದು ಅಂಕಿಯ ಚಿತ್ರವನ್ನು ಅದನ್ನು ಹೋಲುವ ಇನ್ನೊಂದರ ಜಾಗದಲ್ಲಿ ಇಟ್ಟಿತ್ತು. ಅಂಥ ಫೈಲಿನ ತಾಳೆಮೊತ್ತ ನೂರು ವರ್ಷವೂ ಸರಿಯಾಗಿಯೇ ಬರುತ್ತದೆ. ವಹಿ ಸ್ಕ್ಯಾನ್ ಆದ ದಿನವೇ ಹತ್ತು ಪುಟಗಳನ್ನಾದರೂ ಮೂಲದೊಂದಿಗೆ ಕಣ್ಣಿನಿಂದ ಹೋಲಿಸಿ ನೋಡುವ ಕೆಲಸಕ್ಕೆ ಯಾವ ಆಜ್ಞೆಯೂ ಇಲ್ಲ.

ಆಜ್ಞೆಗಳು, ಮತ್ತು ಅವುಗಳ ಕ್ರಮ

ಆಪರೇಟರ್ ಮೊದಲು ಕೇಳಬೇಕಾದದ್ದು ಡಿಸ್ಕಿನ ಸ್ವಂತ ದಿನಚರಿಯನ್ನು. ಬಹುತೇಕ ಎಲ್ಲ ಡಿಸ್ಕುಗಳೂ ತಮ್ಮ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುತ್ತವೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಅದನ್ನು ತೋರಿಸುತ್ತದೆ; ವಿಂಡೋಸ್‌ಗೂ ಅದೇ ಉಪಕರಣ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಸಾಲುಗಳನ್ನು ನೋಡಿದರೆ ನಮ್ಮ ಕೆಲಸಕ್ಕೆ ಸಾಕು. 5ನೇ ಸಂಖ್ಯೆಯ ಸಾಲು, ಕೆಟ್ಟ ಖಾನೆಗೆ ಬದಲಾಗಿ ಮೀಸಲು ಖಾನೆ ಕೊಟ್ಟದ್ದು ಎಷ್ಟು ಸಲ ಎಂದು ಹೇಳುತ್ತದೆ. 197ನೆಯದು ಓದಲು ಕಷ್ಟವಾಗಿ ತೀರ್ಮಾನಕ್ಕಾಗಿ ಕಾದಿರುವ ಖಾನೆಗಳ ಸಂಖ್ಯೆ, 198ನೆಯದು ತಿದ್ದಲಾಗದವುಗಳದ್ದು. ಈ ಮೂರರಲ್ಲಿ ಸೊನ್ನೆ ಇದ್ದರೆ ಒಳ್ಳೆಯದು. ಸೊನ್ನೆ ಅಲ್ಲದಿದ್ದರೆ, ಮುಂದಿನ ತಿಂಗಳು ಅದು ಏರಿದೆಯೇ ಎಂಬುದೇ ಮುಖ್ಯ. ಏರುತ್ತಿರುವ ಡಿಸ್ಕಿಗೆ ಬದಲಿ ಡಿಸ್ಕು ತರಿಸಬೇಕು, ಚರ್ಚೆ ಬೇಡ. 199ನೆಯ ಸಾಲು ಏರಿದರೆ ದೋಷ ಹೆಚ್ಚಾಗಿ ಡಿಸ್ಕಿನದಲ್ಲ, ಅದಕ್ಕೆ ಜೋಡಿಸಿದ ತಂತಿಯದು. ಕರಾವಳಿಯಲ್ಲಿ ತಂತಿಯ ತುದಿಗೆ ಕಿಲುಬು ಹಿಡಿಯುವುದು ಹೊಸತಲ್ಲ. ಹೊಸ ಡಿಸ್ಕಿನ ಬಿಲ್ಲಿಗೆ ಮಂಜೂರಿ ಕೊಡುವ ಮೊದಲು ತಂತಿ ಬದಲಾಯಿಸಿ ನೋಡಿದ್ದೀರಾ ಎಂದು ಸದಸ್ಯರು ಧಾರಾಳವಾಗಿ ಕೇಳಬಹುದು.

ವಿಂಡೋಸ್ ಇರುವ ಕಚೇರಿಗಳಲ್ಲಿ ಚೆಕ್‌ಡಿಸ್ಕ್ ಎಂಬ ಆಜ್ಞೆ ಎಲ್ಲರಿಗೂ ಪರಿಚಿತ. ಅದನ್ನು ಬರಿದಾಗಿ ಕೊಟ್ಟರೆ ಓದಿ ವರದಿ ಮಾತ್ರ ಮಾಡುತ್ತದೆ. ಜೊತೆಗೆ ಎಫ್ ಎಂಬ ಅಕ್ಷರ ಕೊಟ್ಟರೆ ಫೈಲುಗಳ ಸೂಚಿಯನ್ನು ತಿದ್ದುತ್ತದೆ. ಇದು ವಹಿಯ ಪರಿವಿಡಿ ಸರಿಪಡಿಸಿದಂತೆ, ವಹಿಯ ಒಳಗಿನ ಪುಟ ಅದರಿಂದ ಸರಿಯಾಗುವುದಿಲ್ಲ. ಆರ್ ಎಂಬ ಅಕ್ಷರ ಕೊಟ್ಟರೆ ಇಡೀ ಡಿಸ್ಕನ್ನು ಖಾನೆ ಖಾನೆಯಾಗಿ ಓದಿ ಕೆಟ್ಟವನ್ನು ಗುರುತಿಸುತ್ತದೆ. ಇಲ್ಲಿ ಎಚ್ಚರ ಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ಮೊದಲು ಆರ್ ಪ್ರಯೋಗಿಸುವುದು ಉಸಿರು ಸಿಕ್ಕಿಕೊಂಡವರನ್ನು ಬೆಟ್ಟ ಹತ್ತಿಸಿದ ಹಾಗೆ. ಮೊದಲು ನಕಲು, ಆಮೇಲೆ ದುರಸ್ತಿ. ಕಂಪ್ಯೂಟರ್ ರಿಪೇರಿಗೆ ಹೋದಾಗ ಈ ಕ್ರಮ ತಲೆಕೆಳಗಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಎಂಬ ಆಜ್ಞೆಯೂ ಹೀಗೆಯೇ. ಸಾಧಾರಣವಾಗಿ ಅದು ಓದಿ ಮಾತ್ರ ನೋಡುತ್ತದೆ. ಡಬ್ಲ್ಯು ಎಂಬ ಅಕ್ಷರ ಸೇರಿಸಿದರೆ ಪ್ರತಿ ಖಾನೆಯಲ್ಲೂ ಬರೆದು ಓದಿ ಪರೀಕ್ಷಿಸುತ್ತದೆ, ಎಂದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ. ಹೊಸದಾಗಿ ಖರೀದಿಸಿದ ಖಾಲಿ ಡಿಸ್ಕಿಗೆ ಇದು ಉತ್ತಮ ಪರೀಕ್ಷೆ. ದಾಖಲೆಯಿರುವ ಡಿಸ್ಕಿಗೆ ಬೆಂಕಿ. ಕಮಾಂಡ್ ಲೈನ್‌ನಲ್ಲಿ ‘ಖಚಿತವೇ?’ ಎಂದು ಕೇಳುವವರು ಎಲ್ಲ ಕಡೆಯೂ ಇರುವುದಿಲ್ಲ. ಡಿಸ್ಕುಗಳ ಹೆಸರೂ ಎಸ್‌ಡಿಎ, ಎಸ್‌ಡಿಬಿ ಎಂದು ಒಂದಕ್ಷರದ ವ್ಯತ್ಯಾಸದವು. ಪೆನ್ ಡ್ರೈವ್ ಚುಚ್ಚಿ ಕಂಪ್ಯೂಟರ್ ಮತ್ತೆ ಆರಂಭಿಸಿದರೆ ಹೆಸರು ಅದಲು ಬದಲಾಗಬಹುದು. ಆದ್ದರಿಂದ ನಮ್ಮ ಕಚೇರಿಯಲ್ಲಿ ಒಂದು ರೂಢಿ ಮಾಡಿದ್ದೇವೆ. ಡಿಸ್ಕಿನ ಮೇಲೆ ಬರೆಯುವ ಯಾವ ಆಜ್ಞೆಗೂ ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಪಟ್ಟಿ ತೆಗೆದು, ಡಿಸ್ಕಿನ ಸರಣಿ ಸಂಖ್ಯೆಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಡಿಸ್ಕಿನ ಚೀಟಿಯಲ್ಲಿ ನೋಡಿ ಹೌದು ಎನ್ನಬೇಕು. ಗಡಿಕಲ್ಲು ನೋಡದೆ ಬೇಲಿ ಹಾಕುವವರಿಲ್ಲವಷ್ಟೆ.

ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯಲು ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣವಿದೆ. ಸಾಮಾನ್ಯ ನಕಲು ಮಾಡುವ ಕ್ರಮದಲ್ಲಿ ಕೆಟ್ಟ ಖಾನೆ ಎದುರಾದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ, ಇಲ್ಲವೆ ಅದೇ ಖಾನೆಯನ್ನು ಮತ್ತೆ ಮತ್ತೆ ಕೆದಕಿ ಡಿಸ್ಕನ್ನು ದಣಿಸುತ್ತದೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಲ್ಲದ್ದನ್ನೆಲ್ಲ ಓದಿ, ಕಷ್ಟದ ಜಾಗಗಳನ್ನು ಹಾರಿಸಿ, ಹಾರಿಸಿದ್ದರ ನಕಾಶೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಆಮೇಲೆ ಆ ಜಾಗಗಳಿಗೆ ಮರಳಿ ಬರುತ್ತದೆ. ವಿದ್ಯುತ್ ಹೋದರೂ ನಕಾಶೆ ಇದ್ದರೆ ನಿಲ್ಲಿಸಿದಲ್ಲಿಂದ ಮುಂದುವರಿಯಬಹುದು. ನಕಾಶೆ ಫೈಲಿನ ಹೆಸರು ಕೊಡಲು ಮರೆತರೆ ಈ ಅನುಕೂಲ ಇಲ್ಲ. ಹೊಸಬರು ಮರೆಯುವುದು ಇದನ್ನೇ.

ಸುಳ್ಳು ಹೇಳದ ಡಿಸ್ಕು

ಮೇಲಿನವೆಲ್ಲ ಕೆಟ್ಟ ಮೇಲೆ ಅಥವಾ ಕೆಡುವಾಗ ಮಾಡುವ ಕೆಲಸಗಳು. ಡಿಸ್ಕು ಮೌನವಾಗಿ ತಪ್ಪು ಕೊಡದಂತೆ ಮೊದಲೇ ಏರ್ಪಾಡು ಮಾಡಬಹುದೇ? ಮಾಡಬಹುದು, ಅದಕ್ಕೆ ದುಡ್ಡೂ ಹೆಚ್ಚು ಬೇಡ.

ಲಿನಕ್ಸ್‌ನ 4.12ನೆಯ ಆವೃತ್ತಿಯಲ್ಲಿ, 2017ರಲ್ಲಿ, ಡಿಎಂ-ಇಂಟೆಗ್ರಿಟಿ ಎಂಬ ಪದರವೊಂದು ಸೇರ್ಪಡೆಯಾಯಿತು. ಅದನ್ನು ನಿರ್ವಹಿಸುವ ಆಜ್ಞೆಯ ಹೆಸರು ಇಂಟೆಗ್ರಿಟಿಸೆಟಪ್. ಈ ಪದರವು ಡಿಸ್ಕಿನ ಪ್ರತಿಯೊಂದು ಖಾನೆಗೂ ಒಂದು ತಾಳೆಮೊತ್ತವನ್ನು ಬರೆದಿಡುತ್ತದೆ, ಖಾನೆಯನ್ನು ಓದುವಾಗಲೆಲ್ಲ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಒಳಗಿದ್ದದ್ದನ್ನು ಕೊಡದೆ ಓದುವಲ್ಲಿ ದೋಷವೆಂದು ಹೇಳಿಬಿಡುತ್ತದೆ. ಖಾನೆಯೂ ಅದರ ತಾಳೆಮೊತ್ತವೂ ಒಟ್ಟಿಗೇ ಬರೆಯಲ್ಪಡುವಂತೆ ಮೊದಲು ಒಂದು ದಿನಚರಿಯಲ್ಲಿ ಬರೆದು ನಂತರ ಸ್ವಸ್ಥಾನಕ್ಕೆ ಹಾಕುತ್ತದೆ. ನಡುವೆ ವಿದ್ಯುತ್ ಹೋದರೆ ಅರ್ಧಂಬರ್ಧ ಉಳಿಯುವುದಿಲ್ಲ. ಹೀಗೆ ಎರಡು ಸಲ ಬರೆಯುವುದರಿಂದ ಬರೆಯುವ ವೇಗ ಕುಗ್ಗುತ್ತದೆ. ವಹಿಯ ಚಿತ್ರಗಳನ್ನು ಇಡುವ ಡಿಸ್ಕಿಗೆ ವೇಗ ಯಾರಿಗೆ ಬೇಕು? 512 ಬೈಟಿನ ಖಾನೆಗೆ 4 ಬೈಟಿನ ಸಿಆರ್‌ಸಿ ಇಟ್ಟರೆ ತಾಳೆಮೊತ್ತಕ್ಕೆ ಹೋಗುವ ಜಾಗ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ.

ಕ್ರಮ ಹೀಗಿದೆ. ಇಂಟೆಗ್ರಿಟಿಸೆಟಪ್‌ನ ಫಾರ್ಮ್ಯಾಟ್ ಆಜ್ಞೆಯಿಂದ ಖಾಲಿ ಡಿಸ್ಕನ್ನು ಸಿದ್ಧಪಡಿಸಬೇಕು. ಇದು ಡಿಸ್ಕನ್ನು ಅಳಿಸುತ್ತದೆ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ. ನಂತರ ಓಪನ್ ಎಂಬ ಆಜ್ಞೆಯಿಂದ ಅದನ್ನು ಒಂದು ಹೊಸ ಹೆಸರಿನಲ್ಲಿ ತೆರೆಯಬೇಕು. ಮುಂದಿನ ಓದು ಬರಹವೆಲ್ಲ ಆ ಹೆಸರಿನ ಮೂಲಕವೇ ನಡೆಯಬೇಕು. ಸ್ಟೇಟಸ್ ಎಂಬುದು ಸ್ಥಿತಿ ತೋರಿಸುತ್ತದೆ, ಕ್ಲೋಸ್ ಎಂಬುದು ಮುಚ್ಚುತ್ತದೆ. ತೆರೆಯುವಾಗ ಮೊದಲು ಆರಿಸಿದ ತಾಳೆಮೊತ್ತದ ಬಗೆಯನ್ನೇ ಹೇಳಬೇಕು. ಅದಕ್ಕಾಗಿ ಆ ಆಜ್ಞೆಯನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದ್ದೇವೆ. ನಾನು ವರ್ಗವಾಗಿ ಹೋದ ಮೇಲೂ ಅದು ತೆರೆಯಬೇಕಲ್ಲ.

ಈ ಪದರ ತಪ್ಪನ್ನು ಹಿಡಿಯುತ್ತದೆ, ತಿದ್ದುವುದಿಲ್ಲ. ತಿದ್ದಲು ಇನ್ನೊಂದು ಪ್ರತಿ ಬೇಕು. ಎರಡು ಡಿಸ್ಕುಗಳಿಗೂ ಪ್ರತ್ಯೇಕವಾಗಿ ಈ ಪದರ ಹಾಕಿ, ಅವೆರಡರ ಮೇಲೆ ಎಂಡಿಎಡಿಎಂ ಎಂಬ ಆಜ್ಞೆಯಿಂದ ಕನ್ನಡಿ ಜೋಡಿ ಕಟ್ಟಿದರೆ, ಒಂದರಲ್ಲಿ ತಾಳೆ ತಪ್ಪಿದ ಖಾನೆಯನ್ನು ವ್ಯವಸ್ಥೆಯೇ ಇನ್ನೊಂದರಿಂದ ಓದಿ ತಪ್ಪಿದ ಕಡೆ ಮರಳಿ ಬರೆಯುತ್ತದೆ. ತಾಳೆಮೊತ್ತವಿಲ್ಲದ ಬರಿಯ ಕನ್ನಡಿ ಜೋಡಿಗೆ ಈ ಶಕ್ತಿ ಇಲ್ಲ: ಎರಡು ಪ್ರತಿಗಳು ಭಿನ್ನವಾದಾಗ ಯಾವುದು ಸತ್ಯ ಎಂದು ಅದಕ್ಕೆ ತಿಳಿಯದು. ಹಳೆಯ ಕಂಪ್ಯೂಟರೊಂದು, ಸಾಧಾರಣ ಡಿಸ್ಕುಗಳೆರಡು, ಅರ್ಧ ಗಂಟೆ ನಿಲ್ಲುವ ಯುಪಿಎಸ್ ಒಂದು ಇಷ್ಟರಲ್ಲಿ ಕೆಲಸ ಆಗುತ್ತದೆ. ಸ್ವಂತ ಸಂಪನ್ಮೂಲದಿಂದ ಈ ಖರ್ಚಿಗೆ ಠರಾವು ಮಾಡುವುದನ್ನು ನಾನು ಸಭಾಂಗಣದ ಹೊಸ ಕುರ್ಚಿಗಳಿಗಿಂತ ಮೊದಲು ಇಡುತ್ತೇನೆ. ಇದು ನನ್ನ ಸ್ವಂತ ಅಭಿಪ್ರಾಯ.

ಕಟ್ಟಿ ಬಿಟ್ಟರೆ ಮುಗಿಯಲಿಲ್ಲ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಕಗ್ಗ ಬೆಳೆಯುವವರು ಕಟ್ಟೆ ಹಾಕಿ ಮನೆಗೆ ಹೋಗಿ ಮಲಗುವುದಿಲ್ಲ. ಏಡಿ ಕೊರೆದ ಬಿಲದಿಂದ ಉಪ್ಪುನೀರು ಒಳಗೆ ಬರುತ್ತಿದೆಯೇ ಎಂದು ಕಟ್ಟೆಯ ಉದ್ದಕ್ಕೂ ನಡೆದು ನೋಡುತ್ತಾರೆ. ಯಾರೂ ತೆರೆಯದ ಫೈಲಿನ ಖಾನೆಯನ್ನು ಯಾರೂ ಓದುವುದಿಲ್ಲ, ಓದದಿದ್ದರೆ ತಾಳೆ ನೋಡುವವರಿಲ್ಲ. ಆದ್ದರಿಂದ ಇಡೀ ಡಿಸ್ಕನ್ನು ಆಗಾಗ ಮೊದಲಿಂದ ಕೊನೆಯವರೆಗೆ ಓದಿಸಬೇಕು. ಡೆಬಿಯನ್ ಬಗೆಯ ಲಿನಕ್ಸ್‌ನಲ್ಲಿ ಕನ್ನಡಿ ಜೋಡಿಯ ಈ ಓದು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವಂತೆ ಮೊದಲೇ ಏರ್ಪಾಡಾಗಿದೆ. ಆದರೆ ಭಾನುವಾರ ಕಚೇರಿಯ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ರೂಢಿ ನಮ್ಮಲ್ಲಿದೆ. ನಾವು ಅದನ್ನು ವಾರದ ನಡುವಿನ ಒಂದು ದಿನಕ್ಕೆ ಬದಲಾಯಿಸಿಕೊಂಡೆವು.

ಪೆನ್ ಡ್ರೈವ್ ಬಗ್ಗೆ ಒಂದೇ ಮಾತು: ಅದು ಸಾಗಿಸುವ ಸಾಧನ, ಸಂಗ್ರಹಿಸುವ ಸಾಧನವಲ್ಲ. ಎಸ್‌ಎಸ್‌ಡಿ ಡಿಸ್ಕುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವು ಸಾಮಾನ್ಯ ಬಳಕೆಯ ಡಿಸ್ಕು ತನ್ನ ಬರವಣಿಗೆಯ ಆಯುಷ್ಯ ಮುಗಿಸಿದ ಮೇಲೆ, ವಿದ್ಯುತ್ ಇಲ್ಲದೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿರಬೇಕು ಎಂದು ಮಾತ್ರ ಕೇಳುತ್ತದೆ. ಅಗ್ಗದ ಪೆನ್ ಡ್ರೈವಿನಿಂದ ಅಷ್ಟನ್ನೂ ನಿರೀಕ್ಷಿಸಬಾರದು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಬ್ಬಿಣದ ಕಪಾಟಿನೊಳಗೆ 30 ಡಿಗ್ರಿ ಎಂಬುದು ತಂಪು.

ಸಾಕ್ಷ್ಯವಾಗಿ ನಿಲ್ಲಬೇಕಾದಾಗ

ಆಕಸ್ಮಿಕ ದೋಷಕ್ಕೆ ಸಿಆರ್‌ಸಿ ಸಾಕು ಎಂದೆ. ಬೇಕೆಂದೇ ತಿದ್ದಿದರೆ ಸಾಲದು. ತಿದ್ದುವವರು ಸಿಆರ್‌ಸಿಯನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆದಾರು. ಇಂಟೆಗ್ರಿಟಿಸೆಟಪ್‌ಗೆ ಗುಪ್ತ ಕೀಲಿಯೊಂದಿಗೆ ತಾಳೆ ಹಾಕುವ ಬಗೆಯೂ ಇದೆ. ಆದರೆ ಪಂಚಾಯತಿಗೆ ಹೆಚ್ಚು ಉಪಯುಕ್ತವಾದದ್ದು ಸರಳವಾದ ಇನ್ನೊಂದು ಉಪಾಯ. ಪ್ರತಿ ಫೈಲಿನ ಶಾ-256 ಗುರುತನ್ನು ತೆಗೆದು, ಅದನ್ನು ಡಿಸ್ಕಿನ ಹೊರಗೆ, ಕಾಗದದ ಮೇಲೆ ಇಡುವುದು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ, ಲಿನಕ್ಸ್‌ನಲ್ಲಿ ಶಾ-256-ಸಮ್ ಎಂಬ ಆಜ್ಞೆ ಇದನ್ನು ಮಾಡುತ್ತವೆ. ಗ್ರಾಮ ಸಭೆಯ ವಿಡಿಯೊ ಕಂಪ್ಯೂಟರಿಗೆ ಇಳಿದ ದಿನವೇ ಗುರುತು ತೆಗೆದು ನಡವಳಿ ಪುಸ್ತಕದ ಆ ಪುಟದಲ್ಲಿ ಅಂಟಿಸಿ ಅಧ್ಯಕ್ಷರ ಸಹಿ ಪಡೆದರೆ, ಐದು ವರ್ಷದ ನಂತರ ಯಾರಾದರೂ ‘ಫಲಾನುಭವಿಗಳ ಪಟ್ಟಿ ಓದಿದ ಭಾಗ ಕತ್ತರಿಸಿದ್ದಾರೆ’ ಎಂದು ದೂರಿದಾಗ ಉತ್ತರ ಎರಡು ನಿಮಿಷದ ಕೆಲಸ.

ಇದಕ್ಕೆ ಕಾನೂನಿನ ಮಹತ್ವವೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಅಡಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಅನುಸೂಚಿಯಲ್ಲಿರುವ ನಮೂನೆಯ ಪ್ರಮಾಣಪತ್ರ ಕೊಡಬೇಕು. ಆ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಎಂದರೆ ಇದೇ ತಾಳೆಮೊತ್ತ, ಮತ್ತು ಅದನ್ನು ತೆಗೆದ ಬಗೆಯನ್ನು ನಮೂದಿಸಬೇಕಿದೆ. ಅದಕ್ಕೆ ಸಹಿ ಮಾಡುವವರು ಸಹಿಯ ದಿನ ಗುರುತು ತೆಗೆಯಬಲ್ಲರು. ಆದರೆ ಫೈಲು ಹುಟ್ಟಿದ ದಿನದ ಗುರುತು ಪಕ್ಕದಲ್ಲಿದ್ದರೆ ಮಾತ್ರ ನಡುವಿನ ಕಾಲಕ್ಕೆ ಸಾಕ್ಷಿ ಸಿಗುತ್ತದೆ.

ಸದಸ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಇಷ್ಟರಿಂದಲೇ ಹುಟ್ಟುತ್ತವೆ. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರ ಬರುತ್ತದೆ. ನನ್ನದೂ ಅದೇ ಉತ್ತರವಾಗಿತ್ತು. ಅದರ ಬದಲು, ಕಳೆದ ತಿಂಗಳು ಬ್ಯಾಕಪ್‌ನಿಂದ ಯಾವ ಪುಟವನ್ನು ತೆರೆದು ನೋಡಿದಿರಿ, ತಾಳೆಮೊತ್ತ ಯಾವ ಪುಸ್ತಕದಲ್ಲಿದೆ, 197ನೇ ಸಾಲಿನ ಅಂಕಿ ಎಷ್ಟು, ಹಿಂದಿನ ಬ್ಯಾಕಪ್ ಅಳಿಸಿ ಅದರ ಮೇಲೆಯೇ ಬರೆಯುತ್ತೀರಾ ಎಂದು ಕೇಳಬೇಕು. ಒಂದು ಪ್ರತಿಯಾದರೂ ಬೇರೆ ಊರಿನ ಕಟ್ಟಡದಲ್ಲಿರಬೇಕು. ಹೊಳೆದಂಡೆಯ ಪಂಚಾಯತಿಯ ಎರಡೂ ಪ್ರತಿಗಳು ಹೊಳೆದಂಡೆಯಲ್ಲೇ ಇದ್ದರೆ ಒಂದು ಪ್ರತಿ ಇದ್ದಂತೆ. ಮತ್ತು ಕಂಪ್ಯೂಟರ್ ಬದಲಾಯಿಸಿದಾಗ ಹಳೆಯ ಡಿಸ್ಕನ್ನು ಗುಜರಿಗೆ ಹಾಕುವ ಠರಾವು ಬಂದರೆ, ಅದರಲ್ಲಿದ್ದದ್ದೆಲ್ಲ ಹೊಸದರಲ್ಲಿ ತಾಳೆಯಾಗಿದೆಯೆಂಬ ಬರಹ ಸಿಗುವವರೆಗೆ ತಡೆಹಿಡಿಯಿರಿ.

ನಮ್ಮನ್ನು ಉಳಿಸಿದ್ದು ಅಂಥದೊಂದು ಹಳೆಯ ಡಿಸ್ಕೇ. ವಹಿಯನ್ನು ಮೊದಲು ಸ್ಕ್ಯಾನ್ ಮಾಡಿದ ಕಂಪ್ಯೂಟರು ಮೂರು ಮಳೆಗಾಲ ಉಗ್ರಾಣದಲ್ಲಿ ಬ್ಲೀಚಿಂಗ್ ಪೌಡರ್ ಚೀಲಗಳ ಪಕ್ಕ ಬಿದ್ದಿತ್ತು. ಯಾರೂ ಅದರ ವಿಲೇವಾರಿಗೆ ಕಡತ ಮಂಡಿಸಿರಲಿಲ್ಲ. ಅದರ ಡಿಸ್ಕನ್ನು ಬಿಚ್ಚಿ ಡಿಡಿರೆಸ್ಕ್ಯೂಗೆ ಒಡ್ಡಿದೆವು. ಸಂಜೆ ಆರಂಭಿಸಿದ್ದು ಮರುದಿನ ಮಧ್ಯಾಹ್ನದವರೆಗೆ ನಡೆಯಿತು. ಆ ಮಹಿಳೆಯ ಮಾವನ ಹೆಸರಿದ್ದ ಪುಟ ಪೂರ್ತಿ ಬಂತು. ನಕಲಿಗೆ ಸಹಿ ಹಾಕಿ ಕೊಟ್ಟೆ. ಹೊಸ ಡಿಸ್ಕಿನಲ್ಲಿ ಕೆಟ್ಟಿದ್ದ ಉಳಿದ ಪುಟಗಳಲ್ಲಿ ಹೆಚ್ಚಿನವೂ ಸಿಕ್ಕವು. ಹನ್ನೊಂದು ಪುಟಗಳು ಎರಡೂ ಕಡೆ ಹೋಗಿದ್ದವು. ಅವುಗಳಲ್ಲಿ ಯಾರ ಯಾರ ಮನೆಗಳಿದ್ದವೆಂದು ಹೇಳುವ ಕಾಗದ ಕಚೇರಿಯಲ್ಲಿ ಇಲ್ಲ. ಹನ್ನೊಂದು ಪುಟ ಸಂಖ್ಯೆಗಳನ್ನೂ, ಅವುಗಳ ಹಿಂದು ಮುಂದಿನ ಪುಟದ ಮನೆ ಸಂಖ್ಯೆಗಳನ್ನೂ ಬರೆದು ಸೂಚನಾ ಫಲಕದಲ್ಲಿ ಹಚ್ಚಿ, ಹಳೆಯ ಮನೆಪಟ್ಟಿ ರಸೀದಿ ಇದ್ದವರು ತಂದು ತೋರಿಸಬೇಕೆಂದು ಡಂಗುರ ಸಾರಿಸಿದೆವು. ನಾನು ಅಲ್ಲಿಂದ ವರ್ಗವಾಗುವ ಹೊತ್ತಿಗೆ ನಾಲ್ಕು ಮನೆಯವರು ಬಂದಿದ್ದರು.